ಊರಿಗೊಂದು ಸ್ಕ್ವಾಡ್ರನ್: ಅಮೆರಿಕಾದಾಗ ಹೆಂಗ ನಿಂತೈತಿ, ನಮ್ಮ ಕಡೆ ಯಾಕ ನಿಲ್ಲವಲ್ದು

ಹೋದ ತಿಂಗಳ ನಮ್ಮಣ್ಣನ ಮಗಳು ಫೋನ್ ಮಾಡಿ "ಕಾಕಾ, ನಾ ಎನ್‌ಸಿಸಿ ಏರ್ ವಿಂಗ್ ಸೇರಬೇಕಂತ ಮಾಡೀನಿ" ಅಂದ್ಲು. ಆಕಿ ಇರೂದು ಬಾಗಲಕೋಟಿ ನವನಗರದಾಗ, ಪಿಯುಸಿ ಫಸ್ಟ್ ಇಯರ್. ಆಕಿ ಕಾಲೇಜಿನ್ಯಾಗ ಇರೂದು ಆರ್ಮಿ ವಿಂಗ್ ಒಂದ. ಏರ್ ವಿಂಗ್ ಬೇಕಂದ್ರ ಬೆಳಗಾವಿ ಕಡೆ ನೋಡಬೇಕು, ಆದ್ರ ಪರೇಡಿಗಂತ ವಾರ ವಾರ ಅಷ್ಟು ದೂರ ಬಸ್ಸಿನ್ಯಾಗ ಹೋಗಿ ಬರೋರು ಯಾರು, ಮತ್ತ ಆ ಕಾಲೇಜಿನ ಸ್ಟೂಡೆಂಟ್ ಆಗಿರ್ದಿದ್ರ ಅಲ್ಲೆ ಸೇರಿಸ್ಕೊಳ್ಳೂದೂ ಇಲ್ಲ. "ಅಂದ್ರ ನಮ್ಮೂರಾಗ ಹುಟ್ಟಿದ್ದ ತಪ್ಪೇನು?" ಅಂತ ಕೇಳಿದ್ಲು. ನನ್ನ ಕಡೆ ಉತ್ತರ ಇರಲಿಲ್ಲ. ಆಮ್ಯಾಲ ಆಕೀನ ಅಮೆರಿಕಾದ ಒಂದು ಸಂಸ್ಥಾದ ಹೆಸರು ಹೇಳಿದ್ಲು, ಸಿವಿಲ್ ಏರ್ ಪೆಟ್ರೋಲ್ ಅಂತ, ವಿಮಾನದ ಕೆಲಸ ಮಾಡೂ ಸ್ವಯಂಸೇವಕರದ್ದು, ಅಲ್ಲೆ ಹನ್ನೆರಡು ವರ್ಷದ ಹುಡುಗೂರು ತಮ್ಮ ಊರಾಗ ಸ್ಕ್ವಾಡ್ರನ್, ಅಂದ್ರ ಊರ ಘಟಕ, ಸೇರ್ತಾವ, ಕಾಲೇಜು ಯಾವುದ ಇರ್ಲಿ, ಸಾಲಿ ಯಾವುದ ಇರ್ಲಿ. ಇದು ಹೆಂಗ ಸಾಧ್ಯ ಅಂತ ನಾ ನಾಕು ದಿನ ಕುಂತು ಓದಿದೆ. ಓದ್ತಾ ಹೋದಂಗ ಒಂದು ಮಾತು ತಲ್ಯಾಗ ಕುಂತುಬಿಡ್ತು. ನಾವು ವಿಮಾನದ ಸಂಸ್ಥಾ ಅಂದ ಕೂಡ್ಲೆ ವಿಮಾನದ ಬಗ್ಗೆ ಯೋಚನಿ ಮಾಡ್ತೀವಿ, ಆ ಮಂದಿ ಮಾತ್ರ ಮೊದ್ಲ ಮಂಗಳವಾರ ಸಂಜಿ ಮೀಟಿಂಗ್ ಹಾಲಿನ ಕೀಲಿ ತಗ್ಯೋರು ಯಾರು ಅನ್ನೂದನ್ನ ಗಟ್ಟಿ ಮಾಡ್ಕೊಂಡಾರ.

ಸ್ವಲ್ಪ ಹಿಂದಿನ ಕಥಿ ಹೇಳ್ತೀನಿ, ಭಾಳ ಎಳ್ಯಾಂಗಿಲ್ಲ. ಸಿವಿಲ್ ಏರ್ ಪೆಟ್ರೋಲ್ ಹುಟ್ಟಿದ್ದು 1941ರ ಡಿಸೆಂಬರ್ 1ಕ್ಕ, ಪರ್ಲ್ ಹಾರ್ಬರ್ ಮ್ಯಾಲ ಜಪಾನ್ ದಾಳಿ ಮಾಡೂಕಿಂತ ಬರೇ ಆರು ದಿನ ಮೊದ್ಲು. ಸ್ವಂತ ಸಣ್ಣ ವಿಮಾನ ಇಟ್ಕೊಂಡಿದ್ದ ಸಾಮಾನ್ಯ ಮಂದಿ, ರೊಕ್ಕಸ್ಥರೂ ಇದ್ರು, ಹೊಲಕ್ಕ ಔಷಧಿ ಹೊಡ್ಯೋರೂ ಇದ್ರು, ಅವರ್ನೆಲ್ಲಾ ಕೂಡಿಸಿ ಕಡಲ ದಂಡಿ ಕಾಯಾಕ ಹಚ್ಚಿದ್ರು, ಜರ್ಮನಿ ಸಬ್‌ಮರೀನ್ ಕಂಡ್ರ ಸುದ್ದಿ ಕೊಡ್ರಿ ಅಂತ. ಹೆಣ್ಮಕ್ಕಳು ಶುರುವಿನಿಂದ್ಲೂ ಒಳಗ ಇದ್ರು. ಹುಡುಗೂರಿಗೆ ಕೆಡೆಟ್ ಪ್ರೋಗ್ರಾಂ ಅಂತ 1942ರಾಗ ಬಂತು. ಯುದ್ಧ ಮುಗಿತು, ಆದ್ರ ಸಂಸ್ಥಾ ಮುಗಿಲಿಲ್ಲ. 1946ರಾಗ ಕಾಯ್ದೆ ಮಾಡಿ ಲಾಭ ಇಲ್ಲದ ಕಾರ್ಪೊರೇಷನ್ ಮಾಡಿದ್ರು, 1948ರ ಮೇದಾಗ ಏರ್ ಫೋರ್ಸಿನ ಅಧಿಕೃತ ಸಹಾಯಕ ದಳ ಅಂತ ಇನ್ನೊಂದು ಕಾಯ್ದೆ ಬಂತು. ನಮ್ಮ ಎನ್‌ಸಿಸಿ ಕಾಯ್ದೆ ಬಂದಿದ್ದೂ 1948ರಾಗ, ಅದ ವರ್ಷ ಜುಲೈದಾಗ ಎನ್‌ಸಿಸಿ ಶುರು ಆತು. ಒಂದ ವರ್ಷದ ಎರಡು ಕಾಯ್ದೆ, ಬೆಳೆದಿದ್ದು ಮಾತ್ರ ಬ್ಯಾರೆ ಬ್ಯಾರೆ ಮನ್ಯಾಗ.

ಈಗ ಅದರ ಸ್ಟ್ರಕ್ಚರ್‌ಗೆ ಬರೂಣು. ಮ್ಯಾಲ ನ್ಯಾಷನಲ್ ಹೆಡ್‌ಕ್ವಾರ್ಟರ್ಸ್, ಅದು ಅಲಬಾಮಾ ರಾಜ್ಯದ ಮ್ಯಾಕ್ಸ್‌ವೆಲ್ ಏರ್ ಫೋರ್ಸ್ ಬೇಸಿನ್ಯಾಗ ಐತಿ. ಅದರ ಕೆಳಗ 8 ರೀಜನ್. ಒಂದು ರೀಜನ್ ಹೆಸರು ಮಿಡಲ್ ಈಸ್ಟ್, ಓದಿ ದುಬೈ ಕಡೆ ಏನರ ಐತೇನು ಅಂದ್ಕೋಬ್ಯಾಡ್ರಿ, ಅದು ವರ್ಜೀನಿಯಾ, ಮೇರಿಲ್ಯಾಂಡ್, ಕೆರೊಲಿನಾ ಕಡೆ ರಾಜ್ಯಗಳದ್ದು. ರೀಜನ್ ಕೆಳಗ ವಿಂಗ್, ಒಟ್ಟು 52. ರಾಜ್ಯಕ್ಕೊಂದರಂತೆ 50, ರಾಜಧಾನಿ ವಾಷಿಂಗ್ಟನ್‌ಗೆ ಒಂದು, ಪೋರ್ಟೊ ರಿಕೊಕ್ಕ ಒಂದು. ನಮ್ಮ ಲೆಕ್ಕದಾಗ ಹೇಳಬೇಕಂದ್ರ ವಿಂಗ್ ಅಂದ್ರ ರಾಜ್ಯ ಘಟಕ. ದೊಡ್ಡ ರಾಜ್ಯ ಇತ್ತಂದ್ರ ನಡುವ ಗ್ರೂಪ್ ಅಂತ ಒಂದು ಮೆಟ್ಟಲ ಹಾಕ್ತಾರ, ಸಣ್ಣ ರಾಜ್ಯದಾಗ ಅದು ಬೇಕಾಗೂದಿಲ್ಲ. ಈ ಗ್ರೂಪ್ ಅನ್ನೂದು ಕಡ್ಡಾಯ ಅಲ್ಲ ಅನ್ನೂದನ್ನ ಗಮನಿಸ್ರಿ. ನಮ್ಮಲ್ಲೆ ಯಾವುದರ ಸಂಘ ಕಟ್ಟಿದ್ರ ಮೊದ್ಲ ದಿನಾನ ತಾಲೂಕಾ ಅಧ್ಯಕ್ಷ, ಜಿಲ್ಲಾ ಅಧ್ಯಕ್ಷ, ವಿಭಾಗೀಯ ಸಂಚಾಲಕ ಎಲ್ಲಾ ತಯಾರಾಗ್ತಾರ, ಕೆಳಗ ಮೆಂಬರ್ ಒಬ್ಬನೂ ಇರೂದಿಲ್ಲ. ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ.

ಕೆಳಗ ಇರೂದು ಸ್ಕ್ವಾಡ್ರನ್, ಇದ ಅಸಲಿ ಜೀವ. ದೇಶದ ತುಂಬ ಸುಮಾರು 1,400 ಸ್ಕ್ವಾಡ್ರನ್ ಅದಾವ, ಮೆಂಬರ್ 60 ಸಾವಿರದ ಮ್ಯಾಲ. ಸ್ಕ್ವಾಡ್ರನ್‌ನ್ಯಾಗ ಮೂರು ಥರ. ಬರೇ ದೊಡ್ಡವರು ಇದ್ರ ಸೀನಿಯರ್ ಸ್ಕ್ವಾಡ್ರನ್, ಹುಡುಗೂರ ಕೆಲಸಕ್ಕಂತ ಇದ್ರ ಕೆಡೆಟ್ ಸ್ಕ್ವಾಡ್ರನ್ (ಅದನ್ನ ನಡಸಾಕ ಕೆಲವು ದೊಡ್ಡವರು ಇರಾಕಬೇಕು), ಎರಡೂ ಕೂಡಿದ್ರ ಕಾಂಪೋಸಿಟ್ ಸ್ಕ್ವಾಡ್ರನ್. ಸೀನಿಯರ್ ಅಂದ್ರ ಮುದುಕ ಅಂತಲ್ಲ, ಕೆಡೆಟ್ ಅಲ್ಲದ ದೊಡ್ಡ ಮೆಂಬರ್. ಕೆಡೆಟ್ ಆಗಿ 12ರಿಂದ 18 ವಯಸ್ಸಿನ ಒಳಗ ಸೇರಬೇಕು, 21ರ ತನಕ ಇರಬಹುದು. ಸ್ಕ್ವಾಡ್ರನ್ ಆಗೂವಷ್ಟು ಮಂದಿ ಇಲ್ಲಂದ್ರ ಫ್ಲೈಟ್ ಅಂತ ಸಣ್ಣ ಘಟಕ ಮಾಡ್ತಾರ. ಅಂದ್ರ ಸಣ್ಣ ಊರಿಗೆ "ನಿಮ್ಮಲ್ಲೆ ಮಂದಿ ಕಡಿಮಿ, ಆಗೂದಿಲ್ಲ ಹೋಗ್ರಿ" ಅನ್ನೂದಿಲ್ಲ, ಸಣ್ಣದಾಗಿ ಶುರು ಮಾಡ್ರಿ, ಬೆಳೆದ್ರ ಸ್ಕ್ವಾಡ್ರನ್ ಮಾಡೂಣು ಅಂತಾರ. ಇದ ಫ್ಲೈಟ್ ಅನ್ನೂ ಶಬ್ದ ಇನ್ನೊಂದು ಕಡೆಗೂ ಬರ್ತೈತಿ, ಸ್ಕ್ವಾಡ್ರನ್ ಒಳಗ ಪರೇಡಿಗೆ ನಿಲ್ಲಸೂ ಕೆಡೆಟ್ ತುಕಡಿಗೂ ಫ್ಲೈಟ್ ಅಂತಾರ. ನಾ ಎರಡು ದಿನ ಇದ್ರಾಗ ಗೊಂದಲ ಮಾಡ್ಕೊಂಡು ಕುಂತಿದ್ದೆ.

ಪ್ರತಿ ಘಟಕಕ್ಕ ಚಾರ್ಟರ್ ನಂಬರ್ ಇರ್ತೈತಿ, ರೀಜನ್ ಅಕ್ಷರ, ರಾಜ್ಯದ ಅಕ್ಷರ, ಆಮ್ಯಾಲ ಒಂದು ಸಂಖ್ಯಾ. ನಮ್ಮ ಗಾಡಿ ನಂಬರಿನ್ಯಾಗ ಕೆಎ 22 ಅಂದ್ರ ಬೆಳಗಾವಿ, 28 ಅಂದ್ರ ವಿಜಯಪುರ, 29 ಅಂದ್ರ ಬಾಗಲಕೋಟಿ ಅಂತ ತಿಳಿತೈತಲ್ಲ, ಹಂಗ. ಚಾರ್ಟರ್ ಅಂದ್ರ ಮ್ಯಾಲಿನವರು ಕೊಟ್ಟ ಪರವಾನಗಿ, ಮಂದಿ ಕಡಿಮಿ ಆದ್ರ, ಕೆಲಸ ನಿಂತ್ರ, ಅದನ್ನ ವಾಪಸ್ ತಗೋಬಹುದು. ಹೆಸರಿಗಷ್ಟ ಬೋರ್ಡ್ ತೂಗ ಹಾಕಿ ಇಪ್ಪತ್ತು ವರ್ಷ ಇಡಾಕ ಬರೂದಿಲ್ಲ.

ಒಂದು ಸ್ಕ್ವಾಡ್ರನ್ ಒಳಗ ಯಾರ್ಯಾರು ಇರ್ತಾರಂದ್ರ, ಮ್ಯಾಲ ಸ್ಕ್ವಾಡ್ರನ್ ಕಮಾಂಡರ್. ಕಾಂಪೋಸಿಟ್ ಇದ್ರ ಅವನ ಕೈ ಕೆಳಗ ಇಬ್ಬರು ಡೆಪ್ಯೂಟಿ, ಒಬ್ಬರು ದೊಡ್ಡವರ ಕಡೆ ನೋಡ್ಕೊಳ್ಳಾಕ, ಇನ್ನೊಬ್ಬರು ಕೆಡೆಟ್ ಕಡೆ. ಆಮ್ಯಾಲ ಕೆಲಸಕ್ಕೊಬ್ಬ ಆಫೀಸರ್: ರೊಕ್ಕದ ಲೆಕ್ಕ ಇಡೋರು, ಸೇಫ್ಟಿ ನೋಡೋರು, ಸಾಮಾನು ಲೆಕ್ಕ ಇಡೋರು, ರೇಡಿಯೋ, ಹೊಸ ಮಂದಿ ಕರಕೊಂಡು ಬರೋರು, ಪೇಪರಿಗೆ ಸುದ್ದಿ ಕೊಡೋರು, ಎಮರ್ಜೆನ್ಸಿ ಸರ್ವಿಸ್, ವಿಮಾನ ವಿದ್ಯಾ ಕಲಸೋರು. ಇವರೆಲ್ಲಾ ಪಗಾರ ಇಲ್ಲದ ಮಂದಿ. ಪಗಾರ ಇಲ್ಲದ್ದಷ್ಟ ಅಲ್ಲ, ವರ್ಷಕ್ಕ ಮೆಂಬರ್‌ಶಿಪ್ ಫೀ ತಾವ ಕಟ್ತಾರ. ಬ್ಯಾಂಕಿನ ಕ್ಲರ್ಕ್, ನರ್ಸ್, ಮೆಕ್ಯಾನಿಕ್, ಸಾಲಿ ಮಾಸ್ತರ, ರಿಟೈರ್ ಆದ ಫೌಜಿ, ಹಿಂಗ. ಅರ್ಧಕ್ಕರ್ಧ ಮಂದಿಗೆ ವಿಮಾನ ಹಾರಸಾಕ ಬರೂದ ಇಲ್ಲ ಅಂದ್ರೂ ನಡೀತೈತಿ, ಯಾಕಂದ್ರ ಕೆಲಸಗಳ ಪಟ್ಟಿ ನೋಡ್ರಿ, ಪೈಲಟ್ ಕೆಲಸ ಅದರಾಗಿಂದು ಒಂದ.

ನಮ್ಮ ಗಣಪತಿ ಮಂಡಳ ನೆನಪಿಗೆ ಬರ್ತೈತಿ ಅಲ್ಲ? ಬೆಳಗಾವ್ಯಾಗ ಗಲ್ಲಿ ಗಲ್ಲಿಗೆ ಮಂಡಳ, ಅಧ್ಯಕ್ಷ, ಖಜಾಂಚಿ, ಡೆಕೋರೇಷನ್ ನೋಡೋರು, ವಿಸರ್ಜನಿ ದಿನ ಟ್ರಾಕ್ಟರ್ ಹೊಂದಿಸೋರು. ಊರ ಮಂದೀನ ಕೂಡಿಸೂ ವಿದ್ಯಾ ನಮಗ ಯಾರೂ ಕಲಿಸಬೇಕಾಗಿಲ್ಲ. ಆದ್ರ ಫರಕ್ ಎಲ್ಲೈತಂದ್ರ, ನಮ್ಮ ಮಂಡಳ ವರ್ಷಕ್ಕ ಹನ್ನೊಂದು ದಿನ ಜೀವಂತ ಇರ್ತೈತಿ, ಅವರ ಸ್ಕ್ವಾಡ್ರನ್ ವಾರಕ್ಕೊಂದು ಸಂಜಿ. ಎರಡೂವರಿ ತಾಸಿನ ಮೀಟಿಂಗ್, ಜಾಗ ಎಲ್ಲಿ ಸಿಗ್ತೈತೋ ಅಲ್ಲೆ: ಚರ್ಚಿನ ಹಾಲು, ಸಾಲಿ, ಸಣ್ಣ ವಿಮಾನ ನಿಲ್ದಾಣದ ಹ್ಯಾಂಗರ್. ಬಾವುಟಕ್ಕ ಸಲಾಂ, ಸ್ವಲ್ಪ ಕವಾಯತು, ವಿಮಾನ ವಿದ್ಯಾದ್ದೊಂದು ಪಾಠ, ವ್ಯಾಯಾಮ, ಸೇಫ್ಟಿ ಮಾತು, ಮನಿಗೆ. ಎದ್ದು ಕುಣಿಯೂವಂಥಾದ್ದು ಏನೂ ಇಲ್ಲ. ಬೋರಿಂಗ್ ಅನಸ್ತೈತಿ. ಆದ್ರ ಪೂರ ಬಂದ ದಿನ, ಯಾವುದರ ವಿಮಾನ ಕಾಣೆಯಾದ ದಿನ, ಯಾರ ಫೋನ್ ನಂಬರ್ ಯಾರ ಕಡೆ ಐತಿ ಅನ್ನೂದು ಈ ಬೋರಿಂಗ್ ಸಂಜಿಗೋಳಿಂದ್ಲ ಗೊತ್ತಿರ್ತೈತಿ.

ಇನ್ನೊಂದು ಫರಕ್, ಕಮಾಂಡರ್‌ನ ಮಂದಿ ಓಟ್ ಹಾಕಿ ಆರಿಸೂದಿಲ್ಲ. ಮ್ಯಾಲಿನ ಕಮಾಂಡರ್ ನೇಮಕ ಮಾಡ್ತಾರ. ವಿಂಗ್ ಕಮಾಂಡರ್‌ನ ರೀಜನ್ ಕಮಾಂಡರ್, ರೀಜನ್ನಿನವರನ್ನ ನ್ಯಾಷನಲ್ ಕಮಾಂಡರ್. ನ್ಯಾಷನಲ್ ಕಮಾಂಡರ್‌ನ ಆರಿಸೂದು 11 ಮಂದಿ ಗವರ್ನರ್ ಬೋರ್ಡ್, ಅದ್ರಾಗ ನಾಕು ಮಂದಿ ಏರ್ ಫೋರ್ಸ್ ಕಡೆಯವರು, ನಾಕು ಮಂದಿ ಸಂಸ್ಥಾದವರು, ಉಳಿದ ಮೂರು ಇಬ್ಬರೂ ಕೂಡಿ ಆರಿಸಿದ ಹೊರಗಿನವರು. ಓಟು ಇಲ್ಲದ್ದಕ್ಕ ಗುಂಪುಗಾರಿಕಿ ಕಡಿಮಿ ಅಂತ ಒಂದು ವಾದ. ಓಟು ಇಲ್ಲದ್ದಕ್ಕ ಮ್ಯಾಲಿನವರಿಗೆ ಬೇಕಾದವರ ಬರ್ತಾರ ಅನ್ನೂದು ಇನ್ನೊಂದು, ಅದೂ ಖರೇನ. ನನಗ ಕೇಳಿದ್ರ, ಹುಡುಗೂರು ಮತ್ತ ವಿಮಾನ ಎರಡೂ ಇದ್ದ ಜಾಗದಾಗ ಚುನಾವಣಿ ಇಲ್ಲದ್ದ ಒಳ್ಳೇದು. ನಮ್ಮ ಸೊಸೈಟಿ ಚುನಾವಣಿ ನೋಡಿದವರಿಗೆ ನಾ ಹೆಚ್ಚಿಗೆ ಹೇಳಬೇಕಾಗಿಲ್ಲ.

ಒಂದು ಮಜಾ ಏನಂದ್ರ ದರ್ಜೆ ಮತ್ತ ಹುದ್ದೆ ಬ್ಯಾರೆ ಬ್ಯಾರೆ. ಟ್ರೇನಿಂಗ್ ಮುಗಿಸಿದಂಗ ದೊಡ್ಡವರಿಗೆ ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್, ಲೆಫ್ಟಿನೆಂಟ್ ಕರ್ನಲ್ ಅಂತ ಬಿಲ್ಲೆ ಬರ್ತಾವ, ಆದ್ರ ಅದು ಮಿಲಿಟರಿ ಅಧಿಕಾರ ಅಲ್ಲ. ಒಂದು ಸ್ಕ್ವಾಡ್ರನ್‌ಗೆ ಕ್ಯಾಪ್ಟನ್ ಒಬ್ಬ ಕಮಾಂಡರ್ ಇದ್ದು, ಅವನ ಮುಂದ ಬೆಂಚಿನ ಮ್ಯಾಲ ಮೂರು ಮಂದಿ ಲೆಫ್ಟಿನೆಂಟ್ ಕರ್ನಲ್‌ಗೋಳು ಕುಂತಿರಬಹುದು, ಅವರು ಮೊದ್ಲ ಕಮಾಂಡರ್ ಆಗಿದ್ದವರ ಇರಬಹುದು. ಹಿರ್ಯಾರು ಕೆಳಗಿಳಿದು ಸಾಮಾನು ಲೆಕ್ಕ ಬರ್ಕೋತ ಕುಂಡ್ರೂದು ಅಂದ್ರ ನಮ್ಮ ಕಡೆ ಮರ್ಯಾದಿ ಪ್ರಶ್ನೆ ಆಗ್ತೈತಿ, "ಮಾಜಿ" ಅಂತ ಬೋರ್ಡ್ ಹಾಕ್ಕೊಂಡು ಮನ್ಯಾಗ ಕುಂಡ್ರೂದ ವಾಸಿ ಅಂತಾರ. ಅಲ್ಲೆ ಹಂಗ ಕುಂಡ್ರಸೂದು ಸಿಸ್ಟಮ್ಮಿನ ಭಾಗ. ಮೂವತ್ತು ವರ್ಷದ ಅನುಭವ ಕಟ್ಟಡದ ಒಳಗ ಉಳೀತೈತಿ.

ಇನ್ನ ವಿಮಾನದ ಮಾತು. ಸಂಸ್ಥಾದ ಕಡೆ ಸುಮಾರು 550 ವಿಮಾನ ಅದಾವ, ಹೆಚ್ಚಾಗಿ ಸೆಸ್ನಾ 172, 182, 206, ಒಂದ ಎಂಜಿನ್ನಿನವು. ಸ್ಕ್ವಾಡ್ರನ್ 1,400, ವಿಮಾನ 550. ಲೆಕ್ಕ ಮಾಡ್ರಿ, ಅರ್ಧಕ್ಕಿಂತ ಹೆಚ್ಚು ಸ್ಕ್ವಾಡ್ರನ್‌ಗೋಳಿಗೆ ತಮ್ಮದಂತ ಒಂದು ವಿಮಾನವೂ ಇಲ್ಲ! ವಿಮಾನ ಕಾರ್ಪೊರೇಷನ್ನಿನ ಹೆಸರಿನ್ಯಾಗ ಇರ್ತಾವ, ವಿಂಗಿಗೆ ಹಂಚ್ತಾರ, ವಿಂಗಿನವರು ಎಲ್ಲೆ ಕೆಲಸ ಐತಿ, ಎಲ್ಲೆ ಪೈಲಟ್ ಅದಾರ ಅಂತ ನೋಡಿ ಆ ಏರ್‌ಪೋರ್ಟಿನ್ಯಾಗ ನಿಲ್ಲಸ್ತಾರ. ಉಳಿದ ಊರಿನವರು ಸರದಿ ಪ್ರಕಾರ ಹೋಗಿ ಹಾರ್ತಾರ. ಕೆಡೆಟ್‌ಗಳಿಗೆ ಐದು ಸಲ ಎಂಜಿನ್ ವಿಮಾನದಾಗ, ಐದು ಸಲ ಗ್ಲೈಡರ್‌ನ್ಯಾಗ ಪರಿಚಯದ ಹಾರಾಟ ಫುಕಟ್ ಕೊಡೂ ಪದ್ಧತಿ ಐತಿ, ಅದೂ ಹಿಂಗ ಹಂಚ್ಕೊಂಡ ನಡೀತೈತಿ. ನಮ್ಮ ಹಳ್ಳ್ಯಾಗ ಒಂದ ರಾಶಿ ಮಷೀನು ನಾಕೂರಿಗೆ ತಿರುಗ್ತೈತಲ್ಲ ತೊಗರಿ ಸುಗ್ಗ್ಯಾಗ, ಅದ ಲೆಕ್ಕ. ಮಷೀನು ನಮ್ಮೂರಾಗ ಇಲ್ಲಂತ ಯಾರೂ ಬಿತ್ತನಿ ಬಿಡೂದಿಲ್ಲ.

ಮತ್ತ ಭಾಳ ಮಂದಿಗೆ ತಿಳಿಯದ ಒಂದು ಸಂಗತಿ, ನನಗ ಇದ ಎಲ್ಲಾಕಿಂತ ಶಾಣ್ಯಾತನದ್ದು ಅನಸಿದ್ದು: ಅಲ್ಲೆ ಹುಕುಂ ಬರೂ ದಾರಿ ಎರಡು. ದಿನದ ಆಡಳಿತ, ಮೆಂಬರ್, ರೊಕ್ಕ, ಮೀಟಿಂಗ್ ಇವೆಲ್ಲಾ ಸ್ಕ್ವಾಡ್ರನ್, ವಿಂಗ್, ರೀಜನ್ ದಾರೀಲೆ ನಡೀತಾವ. ಆದ್ರ ಒಂದು ವಿಮಾನ ಕಾಣೆಯಾತು ಅಂದ್ರ, ಫ್ಲೋರಿಡಾದ ಟಿಂಡಾಲ್ ಬೇಸಿನ್ಯಾಗ ಏರ್ ಫೋರ್ಸಿನ ರೆಸ್ಕ್ಯೂ ಕೋಆರ್ಡಿನೇಷನ್ ಸೆಂಟರ್ ಐತಿ, ಅದು ಮಿಷನ್ ನಂಬರ್ ಕೊಟ್ಟು ಆ ರಾಜ್ಯದ ವಿಂಗಿಗೆ ಹಚ್ತೈತಿ. ವಿಂಗಿನವರು ಒಬ್ಬ ಇನ್ಸಿಡೆಂಟ್ ಕಮಾಂಡರ್‌ನ ನೇಮಿಸ್ತಾರ, ಆ ಕ್ಷಣದಿಂದ ಆ ಕಾರ್ಯಾಚರಣಿಗೆ ಅವನ ಮಾತ ನಡೀಬೇಕು. ನಿಮ್ಮೂರ ಸ್ಕ್ವಾಡ್ರನ್ ಕಮಾಂಡರ್ ಆವತ್ತು ಬರೇ ವಿಮಾನದ ಹಿಂದಿನ ಸೀಟಿನ್ಯಾಗ ಕುಂತು ಕಿಡಕ್ಯಾಗಿಂದ ಕೆಳಗ ನೋಡೂ ಸ್ಕ್ಯಾನರ್ ಆಗಿರಬಹುದು, ಮುಂದ ಪೈಲಟ್ ಕುಂತಾಕಿ ಅವನ ಸ್ಕ್ವಾಡ್ರನ್ನಿನ ಸಾದಾ ಮೆಂಬರ್ ಆಗಿರಬಹುದು. ಪೈಲಟ್, ಅಬ್ಸರ್ವರ್, ಸ್ಕ್ಯಾನರ್, ನೆಲದ ಮ್ಯಾಲ ಹೋಗೂ ಗ್ರೌಂಡ್ ಟೀಮ್, ಒಂದೊಂದಕ್ಕೂ ಬ್ಯಾರೆ ಟ್ರೇನಿಂಗ್, ಬ್ಯಾರೆ ಕಾರ್ಡು. ಕಾರ್ಡ್ ಇಲ್ಲಂದ್ರ ನೀ ಕಮಾಂಡರ್ ಆದ್ರೂ ಗಾಡ್ಯಾಗ ಜಾಗ ಇಲ್ಲ.

2019ರ ಆಗಸ್ಟ್ ನೆನಸ್ಕೋರಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆ ತುಂಬಿ ಬಂದಾಗ ಬೆಳಗಾವಿ ಬಾಗಲಕೋಟಿ ಜಿಲ್ಲಾದಾಗ ಎಷ್ಟು ಊರು ನೀರಾಗ ನಿಂತಿದ್ವು. ಆರ್ಮಿ ಬಂತು, ಎನ್‌ಡಿಆರ್‌ಎಫ್ ಬಂತು, ಹೆಲಿಕಾಪ್ಟರ್ ಬಂತು. ನಮ್ಮ ಹುಡುಗೂರೂ ಬೋಟು, ಟ್ಯೂಬು, ಹಗ್ಗ ತಗೊಂಡು ಇಳದಿದ್ರು, ಧೈರ್ಯಕ್ಕ ಎರಡ ಮಾತಿಲ್ಲ. ನಾ ಆಗ ಒಂದು ಗಂಜಿ ಕೇಂದ್ರದಾಗ ಎರಡು ದಿನ ಇದ್ದೆ, ಅಲ್ಲೆ ನೋಡಿದ್ದು ಏನಂದ್ರ ಎಲ್ಲಾರೂ ಕಮಾಂಡರ್! ಒಬ್ಬರು ರೊಟ್ಟಿ ಈ ಊರಿಗೆ ಅಂದ್ರ ಇನ್ನೊಬ್ಬರು ಆ ಊರಿಗೆ, ಒಂದ ಊರಿಗೆ ಮೂರು ಗಾಡಿ ರೊಟ್ಟಿ, ಆಚೆ ದಂಡಿಗೆ ಒಂದೂ ಇಲ್ಲ. ಅಮೆರಿಕಾದಾಗ ಹರಿಕೇನ್ ಬಂದ ಮ್ಯಾಲ ಸಿವಿಲ್ ಏರ್ ಪೆಟ್ರೋಲಿನವರು ಮಾಡೂ ದೊಡ್ಡ ಕೆಲಸ ಅಂದ್ರ ಫೋಟೋ. 2012ರ ಸ್ಯಾಂಡಿ, 2017ರ ಹಾರ್ವಿ ಎರಡೂ ಕಡೆ ಮ್ಯಾಲಿಂದ ಸಾವಿರಗಟ್ಟಲೆ ಫೋಟೋ ತಗದು ಸರ್ಕಾರಕ್ಕ ಕೊಟ್ಟಾರ, ಎಲ್ಲೆ ರಸ್ತಾ ಕೊಚ್ಚಿ ಹೋಗೈತಿ, ಎಲ್ಲೆ ಮನಿ ಮುಳುಗ್ಯಾವ ಅಂತ. ಯಾರನ್ನೂ ಎತ್ತಿ ತರಲಿಲ್ಲ, ಹೀರೋ ಆಗಲಿಲ್ಲ, ಫೋಟೋ ತಗದು ಸರಿಯಾದ ಟೇಬಲ್ಲಿಗೆ ಮುಟ್ಟಿಸಿದ್ರು.

ಕೆಲಸ ಬದಲಾದಂಗ ಘಟಕವೂ ಬದಲಾಗ್ತೈತಿ, ಅದನ್ನೂ ಹೇಳಬೇಕು. ಮೊದ್ಲ ವಿಮಾನ ಬಿದ್ದ ಕೂಡ್ಲೆ ಅದರಾಗಿನ ಬೀಕನ್, ಅಂದ್ರ ಅಪಾಯದ ಸಿಗ್ನಲ್ ಕಳಸೂ ಪೆಟ್ಟಿಗಿ, 121.5 ಮೆಗಾಹರ್ಟ್ಸ್ ಮ್ಯಾಲ ಕೂಗ್ತಿತ್ತು, ಅದು ಸುಳ್ಳ ಸುಳ್ಳ ಕೂಗೂದ ಹೆಚ್ಚು, ರಾತ್ರಿ ಎರಡಕ್ಕ ಎದ್ದು ಹುಡುಗೂರನ್ನ ಕರಕೊಂಡು ಹುಡುಕ್ಕೋತ ಹೋದ್ರ ಹ್ಯಾಂಗರ್‌ನ್ಯಾಗ ನಿಂತ ವಿಮಾನದ ಬೀಕನ್. 2009ರ ಫೆಬ್ರವರಿಯಿಂದ ಸ್ಯಾಟಲೈಟ್‌ಗಳು ಆ ಹಳೇ ಸಿಗ್ನಲ್ ಕೇಳೂದ ಬಿಟ್ವು, 406 ಮೆಗಾಹರ್ಟ್ಸ್ ಒಂದನ್ನ ಹಿಡೀತಾವ, ಅದ್ರಾಗ ವಿಮಾನ ಯಾರದ್ದು ಅನ್ನೂದೂ ತಿಳೀತೈತಿ. ಆ ರಾತ್ರಿ ಓಡಾಟ ಕಡಿಮಿ ಆತು. ಈಗ ಕಾಣೆಯಾದವರ ಮೊಬೈಲ್ ಸಿಗ್ನಲ್ ಲೆಕ್ಕ ಹಾಕೂ ಒಂದು ಟೀಮ್ ಐತಿ, ಡ್ರೋನ್ ಟೀಮ್ ಅದಾವ. ಹೆಸರು, ಮೀಟಿಂಗ್, ಮಂದಿ ಅವ, ಕೈಯಾಗಿನ ಸಾಮಾನು ಬದಲಾತು.

ರೊಕ್ಕದ ವಿಚಾರಕ್ಕ ಬ್ರಿಟನ್ನಿನವರ ಪದ್ಧತಿ ನನಗ ಇನ್ನೂ ಚೊಲೋ ಅನಸ್ತು. ಅವರ ಏರ್ ಟ್ರೇನಿಂಗ್ ಕೋರ್ 1941ರ ಫೆಬ್ರವರ್ಯಾಗ ಹುಟ್ಟಿದ್ದು, ಅಲ್ಲೂ ಊರಿಗೊಂದು ಸ್ಕ್ವಾಡ್ರನ್, ಮ್ಯಾಲ ವಿಂಗ್, ರೀಜನ್. ಆದ್ರ ಪ್ರತಿ ಸ್ಕ್ವಾಡ್ರನ್‌ಗೆ ಯೂನಿಫಾರ್ಮ್ ಇಲ್ಲದ ಒಂದು ಸಿವಿಲಿಯನ್ ಕಮಿಟಿ ಇರ್ತೈತಿ, ಹೆಚ್ಚಾಗಿ ಹುಡುಗೂರ ತಂದಿ ತಾಯಿ. ರೊಕ್ಕ ಕೂಡಿಸೂದು, ಲೆಕ್ಕ ಇಡೂದು ಅವರದ್ದು. ಹುಕುಂ ಕೊಡೋರ ಕೈಯಾಗ ಗಲ್ಲಾ ಪೆಟ್ಟಿಗಿ ಇಲ್ಲ. ಇದನ್ನ ನಮ್ಮ ಎಷ್ಟೋ ಸಂಘ ಸಂಸ್ಥಾಗೋಳಿಗೆ ಪ್ರಿಂಟ್ ಹಾಕಿ ಕೊಡಬೇಕು.

ಹುಡುಗೂರ ಸುರಕ್ಷತಾ ಬಗ್ಗೆ ಅಮೆರಿಕಾದವರು ಇಟ್ಟ ನಿಯಮಾನೂ ಗಟ್ಟಿ ಐತಿ. ದೊಡ್ಡವರು ಸೇರಬೇಕಂದ್ರ ಬೆರಳಚ್ಚು ಕೊಟ್ಟು ಎಫ್‌ಬಿಐ ಚೆಕ್ ಆಗಬೇಕು, ಕೆಡೆಟ್ ಪ್ರೊಟೆಕ್ಷನ್ ಟ್ರೇನಿಂಗ್ ಮುಗಿಸಬೇಕು, ಕಾರ್ಯಕ್ರಮದಾಗ ಕಡಿಮಿ ಅಂದ್ರೂ ಇಬ್ಬರು ದೊಡ್ಡವರು ಇರಬೇಕು ಅನ್ನೂದು ಪದ್ಧತಿ. ಒಬ್ಬರ ಕಡೆ ಹುಡುಗೂರನ್ನ ಬಿಟ್ಟು ಹೋಗೂದಿಲ್ಲ. ನಮ್ಮ ಕಡೆ ಕರಾಟೆ ಕ್ಲಾಸ್, ಟ್ಯೂಷನ್, ಟ್ರೆಕ್ಕಿಂಗ್ ಅಂತ ಎಷ್ಟ ನಡೀತಾವ, "ಸರ್ ಚೊಲೋರು ಅದಾರ್ರಿ" ಅನ್ನೂದ ನಮ್ಮ ಚೆಕ್ಕು.

ಈಗ ನಮ್ಮ ಎನ್‌ಸಿಸಿ. ಬೈಯಾಕ ಬರದಿಲ್ಲ ನಾನು, ನಾನೂ ಬಿ ಸರ್ಟಿಫಿಕೇಟ್ ತಗೊಂಡವ. ಎನ್‌ಸಿಸಿ ಏರ್ ವಿಂಗ್ ಶುರು ಆಗಿದ್ದು 1950ರಾಗ. ಮ್ಯಾಲ ದಿಲ್ಲಿ, ಕೆಳಗ ರಾಜ್ಯದ ಡೈರೆಕ್ಟರೇಟ್, ನಮ್ಮದು ಕರ್ನಾಟಕ ಮತ್ತ ಗೋವಾ ಕೂಡಿ ಒಂದು, ಅದರ ಕೆಳಗ ಗ್ರೂಪ್, ಬೆಳಗಾವ್ಯಾಗ ಒಂದು ಗ್ರೂಪ್ ಹೆಡ್‌ಕ್ವಾರ್ಟರ್ಸ್ ಐತಿ, ಗ್ರೂಪಿನ ಕೆಳಗ ಬಟಾಲಿಯನ್, ಏರ್ ಸ್ಕ್ವಾಡ್ರನ್. ಏರ್ ಸ್ಕ್ವಾಡ್ರನ್‌ಗೆ ಏರ್ ಫೋರ್ಸಿನ ಆಫೀಸರ್ ಕಮಾಂಡಿಂಗ್, ಅವರಿಗೆ ಇದು ಪೋಸ್ಟಿಂಗ್, ಒಂದಷ್ಟು ವರ್ಷ ಇದ್ದು ಹೋಗ್ತಾರ. ಕಾಲೇಜಿನ್ಯಾಗ ಜವಾಬ್ದಾರಿ ಎಎನ್‌ಓದು, ಅಂದ್ರ ಅಸೋಸಿಯೇಟ್ ಎನ್‌ಸಿಸಿ ಆಫೀಸರ್ ಆದ ಅಲ್ಲಿನ ಲೆಕ್ಚರರ್. ಇಲ್ಲೆ ಶಬ್ದದ ಜಾಲ ನೋಡ್ರಿ: ಅಮೆರಿಕಾದ ಸ್ಕ್ವಾಡ್ರನ್ ಅಂದ್ರ ಒಂದು ಊರಿನ ಮಂದಿ, ನಮ್ಮ ಏರ್ ಸ್ಕ್ವಾಡ್ರನ್ ಅಂದ್ರ ಹಲವು ಕಾಲೇಜಿನ ಮ್ಯಾಲ ಕುಂತ ಸರ್ಕಾರಿ ಆಫೀಸು. ಅಲ್ಲಿನ ವಿಂಗ್ ಅಂದ್ರ ರಾಜ್ಯ, ಇಲ್ಲಿನ ವಿಂಗ್ ಅಂದ್ರ ಆರ್ಮಿ, ನೇವಿ, ಏರ್ ಅನ್ನೂ ವಿಭಾಗ. ಹೆಸರು ಕೇಳಿ ಎರಡೂ ಒಂದ ಅಂದ್ಕೊಂಡ್ರ ಹೋಲಿಕಿ ಶುರುವಿನ್ಯಾಗ ದಾರಿ ತಪ್ತೈತಿ.

ಅಲ್ಲೆ ಬಾಗಲಾ ಊರು, ಇಲ್ಲೆ ಬಾಗಲಾ ಕಾಲೇಜು. ಕಾಲೇಜಿನ್ಯಾಗ ಘಟಕ ಇದ್ರ ನೀ ಒಳಗ, ಇಲ್ಲಂದ್ರ ಹೊರಗ. ಡಿಗ್ರಿ ಮುಗಿತು, ಸಿ ಸರ್ಟಿಫಿಕೇಟ್ ಬಂತು, ಮುಗೀತು ಸಂಬಂಧ. ಸಿಮ್ಯುಲೇಟರ್ ಮ್ಯಾಲ ಕುಂತಾಕಿ, ಏರೋಮಾಡೆಲ್ ಹಾರಿಸಿದವ, ನಶೀಬ ಇದ್ರ ಮೈಕ್ರೋಲೈಟ್ ಅನ್ನೂ ಸಣ್ಣ ಹಗುರ ವಿಮಾನದಾಗ ಹಾರಿ ಬಂದವ, ಎಲ್ಲಾರೂ ಡಿಗ್ರಿ ಮುಗಿದ್ರ ಹೊರಗ. ಏರ್ ಫೋರ್ಸಿಗೆ ಆರಿಸಿ ಹೋದವರ ಮಾತು ಬ್ಯಾರೆ. ಉಳಿದ ಹುಡುಗೂರು ಬ್ಯಾಂಕಿಂಗ್ ಕೋಚಿಂಗಿಗೆ ಧಾರವಾಡಕ್ಕ ಹೋಗ್ತಾವ, ಕಲಿತಿದ್ದು ಸರ್ಟಿಫಿಕೇಟ್ ಫೈಲಿನ್ಯಾಗ. ಅಮೆರಿಕಾದಾಗ 21ಕ್ಕ ಕೆಡೆಟ್ ಬಾಗಲಾ ಮುಚ್ಚಿದ್ರ ಅದ ಹಾಲಿನ್ಯಾಗ ಸೀನಿಯರ್ ಬಾಗಲಾ ತಗೀತೈತಿ, ಅವನ ಮುಂದಿನ ಹುಡುಗೂರಿಗೆ ಕಲಸ್ತಾನ. ನಮ್ಮಲ್ಲೆ ಎರಡನೇ ಬಾಗಲಾ ಕಟ್ಟೇ ಇಲ್ಲ.

ಕಟ್ಟಾಕ ಮಂದಿ ಇಲ್ಲಂತೇನಲ್ಲ ಮತ್ತ. ನೋಡ್ರಿ ನಮ್ಮ ಮೂರು ಜಿಲ್ಲಾ. ಬೆಳಗಾವ್ಯಾಗ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್, ಸಾಂಬ್ರಾದಾಗ ಏರ್ ಫೋರ್ಸಿನ ಏರ್‌ಮೆನ್ ಟ್ರೇನಿಂಗ್ ಸ್ಕೂಲ್, 2023ರ ಕೊನೀಗೆ ಹೆಣ್ಮಕ್ಕಳು ಅಗ್ನಿವೀರವಾಯು ಆಗಿ ಪಾಸ್ ಔಟ್ ಪರೇಡ್ ಮಾಡಿದ್ದು ಅಲ್ಲೆ. ಮಿಲಿಟರಿ ಸ್ಕೂಲ್ ಐತಿ. ಕಿತ್ತೂರಾಗ ಹೆಣ್ಮಕ್ಕಳ ಸೈನಿಕ ಶಾಲೆ, ವಿಜಯಪುರದಾಗ 1963ರಿಂದ ಸೈನಿಕ ಸ್ಕೂಲ್. ಸಾಂಬ್ರಾ ಏರ್‌ಪೋರ್ಟಿನ್ಯಾಗ ಈಗ ಪೈಲಟ್ ಟ್ರೇನಿಂಗ್ ಸಂಸ್ಥಾ ಅದಾವ, ದಿನಾ ಸಣ್ಣ ವಿಮಾನ ಗುಂಯ್ ಅಂತ ತಿರುಗ್ತಾವ, 2023ರ ಮೇದಾಗ ಒಂದು ಟ್ರೇನಿಂಗ್ ವಿಮಾನ ಹೊನ್ನಿಹಾಳ ಹತ್ರ ಹೊಲದಾಗ ಇಳಿದಿತ್ತು, ಇಬ್ಬರೂ ಬದುಕಿದ್ರು. ವಿಜಯಪುರದಾಗ ಬುರಣಾಪುರ ಮದಭಾವಿ ಕಡೆ ಏರ್‌ಪೋರ್ಟ್ ಕೆಲಸ 2021ರಾಗ ಶುರು ಆಗಿದ್ದು. ಹೊಲದಾಗ ವಿಮಾನ ಇಳಿದ್ರ ಮೊದ್ಲ ಮುಟ್ಟೋರು ಆಫೀಸರ್ ಅಲ್ಲ, ಕಬ್ಬಿಗೆ ನೀರ ಬಿಡ್ತಿದ್ದವರು. ಪೆಟ್ರೋಲ್ ವಾಸನಿ ಬಂದ್ರ ಹತ್ರ ಬೀಡಿ ಸೇದಬಾರದು, ಪೈಲಟ್‌ನ ಎಳ್ಯೂದು ಹೆಂಗ, ವಿಡಿಯೋ ಮಾಡೂಕಿಂತ ಮೊದ್ಲ ಯಾರಿಗೆ ಫೋನ್ ಹಚ್ಚಬೇಕು, ಇದನ್ನ ಸಾಂಬ್ರಾ ಸುತ್ತಿನ ಹಳ್ಳ್ಯಾಗ ಕಲಸೂ ಒಂದು ಘಟಕ ಇದ್ರ ಅದಕ್ಕ ವಿಮಾನ ಬೇಕೇನು?

ಸ್ವಯಂಸೇವಕರ ಇತಿಹಾಸಾನೂ ನಮ್ಮ ಮಣ್ಣಾಗ ಐತಿ. 1923ರಾಗ ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳ ಕಟ್ಟಿದ್ರು, ಮುಂದಿನ ವರ್ಷ 1924ರ ಡಿಸೆಂಬರ್‌ದಾಗ ಬೆಳಗಾವ್ಯಾಗ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡದಾಗ ಸ್ವಯಂಸೇವಕರ ಶಿಸ್ತು ಊರು ನೋಡಿತ್ತು. ನೂರು ವರ್ಷ ಆತು. ಈಗ ನೋಡಿದ್ರ 2025ರ ಮೇ 7ಕ್ಕ ದೇಶದಾಗ ಸಿವಿಲ್ ಡಿಫೆನ್ಸ್ ಮಾಕ್ ಡ್ರಿಲ್ ಅಂತ ಸೈರನ್ ಹೊಡದ್ರು, ಆ ವಾರ ನಮ್ಮ ವಾಟ್ಸ್ಯಾಪ್ ಗ್ರೂಪಿನ ಅರ್ಧ ಮಂದಿ "ನಾವೂ ವಾಲಂಟಿಯರ್ ಆಗ್ತೀವಿ, ಎಲ್ಲೆ ಹೆಸರು ಕೊಡೂದು" ಅಂತ ಕೇಳಿದ್ರು, ಎರಡನೇ ವಾರಕ್ಕ ಐಪಿಎಲ್ ಮಾತು. ಅವರ ಉಮೇದಿ ಸುಳ್ಳ ಅನ್ನಾಂಗಿಲ್ಲ ನಾ. ಉಮೇದಿ ಬಂದ ದಿನ ಹೋಗಿ ಕುಂಡ್ರಾಕ ಒಂದು ಹಾಲು, ಒಂದು ವಾರ, ಒಂದು ಕೆಲಸ ಇರಲಿಲ್ಲ. ಸರ್ಕಾರದ ಆಪದ ಮಿತ್ರ ಯೋಜನಾದಾಗ 350 ಜಿಲ್ಲಾದಾಗ 1 ಲಕ್ಷ ಸ್ವಯಂಸೇವಕರಿಗೆ ಹನ್ನೆರಡು ದಿನ ಟ್ರೇನಿಂಗ್ ಅಂತ ಇಟ್ಕೊಂಡಿದ್ರು, ಒಳ್ಳೆ ಯೋಜನಾನ, ನನ್ನ ಪ್ರಶ್ನೆ ಒಂದ: ಹದಿಮೂರನೇ ದಿನಕ್ಕ ಅವರು ಎಲ್ಲೆ ಕೂಡಬೇಕು?

ಈಗ ಒಂದು ಸಂದು ಐತಿ. 2024ರಾಗ ಎನ್‌ಸಿಸಿಗೆ ಇನ್ನೂ 3 ಲಕ್ಷ ಕೆಡೆಟ್ ಸೀಟ್ ಹೆಚ್ಚು ಮಾಡಾಕ ಕೇಂದ್ರ ಒಪ್ಪಿತು, ಒಟ್ಟು 20 ಲಕ್ಷ ಆಗೂದು ಲೆಕ್ಕ, ಮತ್ತ ಅದರ ಜೋಡಿ ಮಾಜಿ ಸೈನಿಕರನ್ನ ಇನ್‌ಸ್ಟ್ರಕ್ಟರ್ ಆಗಿ ತಗೊಳ್ಳೂದು. ಸೀಟಿಗಿಂತ ಈ ಎರಡನೇ ಮಾತು ನಮ್ಮ ಜಿಲ್ಲಾಕ್ಕ ದೊಡ್ಡದು, ಯಾಕಂದ್ರ ನಮ್ಮಲ್ಲೆ ಊರ ಕಟ್ಟಿ ಮ್ಯಾಲ ಪೇಪರ್ ಓದ್ಕೋತ ಕುಂತ ಮಾಜಿ ಸುಬೇದಾರ, ಮಾಜಿ ಸಾರ್ಜೆಂಟ್ ಎಷ್ಟ ಬೇಕು. ಹಂಗಂತ ಅವರನ್ನ ಬರೇ ಕಾಲೇಜಿನ ಕವಾಯತಿಗೆ ಹಚ್ಚಿದ್ರ ಮತ್ತ ಅದ ಕಾಲೇಜಿನ ಬಾಗಲಾ. ಕಾಲೇಜು ದಾಟಿ ತಾಲೂಕಿಗೊಂದು ಘಟಕ, ಪಿಯು ಹುಡುಗೂರು, ಐಟಿಐ ಹುಡುಗೂರು, ಸಾಲಿ ಬಿಟ್ಟು ಗ್ಯಾರೇಜಿನ್ಯಾಗ ಇದ್ದವರೂ ಬರೂವಂಥಾದ್ದು, ಅದಕ್ಕ ಕಾಯ್ದೆ ತಿದ್ದಬೇಕಾಗ್ತೈತೋ ಬ್ಯಾರೆ ಸಂಸ್ಥಾ ಬೇಕಾಗ್ತೈತೋ ಅದು ವಕೀಲರು ಹೇಳಬೇಕಾದ್ದು. ವಿಮಾನ ಹಾರಸಾಕ ಪರವಾನಗಿ ಕೊಡೂ ಡಿಜಿಸಿಎ ಅನ್ನೂ ಸರ್ಕಾರಿ ಸಂಸ್ಥಾ ಐತಿ, ಡ್ರೋನ್‌ಗೆ 2021ರ ನಿಯಮ ಅದಾವ, ಸಾಂಬ್ರಾ ಸುತ್ತ ಪರ್ಮಿಷನ್ ಇಲ್ದ ಹಾರಸೂದು ಅಂದ್ರ ಪೊಲೀಸ್ ಸ್ಟೇಷನ್ ದಾರಿ. ಅದಕ್ಕ ಹಾರಾಟದಿಂದ ಶುರು ಮಾಡಬಾರದು ಅಂತೀನಿ ನಾ. ನಕಾಶಿ ಓದೂದು, ರೇಡಿಯೋ ಮಾತು, ಫಸ್ಟ್ ಏಡ್, ಹವಾಮಾನ, ಮಹಾಪೂರದ ಊರ ಪಟ್ಟಿ, ಇವನ್ನ ಕಲಿಯಾಕ ಹಾರಾಟದ ಲೈಸೆನ್ಸ್ ಬೇಡ.

ಈ ಮಾತನ್ನ ನಮ್ಮ ಓಣ್ಯಾಗಿನ ಒಬ್ಬ ರಿಟೈರ್ಡ್ ಏರ್ ಫೋರ್ಸ್ ಸಾರ್ಜೆಂಟ್ ಮಾಮಾರ ಮುಂದ ಇಟ್ಟೆ, ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿ ಕೂಡಿಸಿದ ಮನಿಷಾ. ಚಾ ಕುಡದು, ಕನ್ನಡಕ ಒರಸ್ಕೊಂಡು, "ಹುಡುಗೂರು ಬರ್ತಾರೋ ತಮ್ಮಾ, ಅದು ಚಿಂತಿ ಅಲ್ಲ, ನನ್ನ ಜೋಡಿ ಇನ್ನಿಬ್ಬರು ದೊಡ್ಡವರು ವಾರಾ ಬರ್ತಾರೇನು ಹೇಳು, ಮಳಿ ಇರ್ಲಿ ಮದುವಿ ಇರ್ಲಿ" ಅಂದ್ರು. ನಾ ಬರ್ತೀನಿ ಅಂದೆ. ಮೂರನೇವರು ಇನ್ನೂ ಸಿಕ್ಕಿಲ್ಲ. ನಮ್ಮಣ್ಣನ ಮಗಳು ಸದ್ಯಕ್ಕ ಕಾಲೇಜಿನ ಆರ್ಮಿ ವಿಂಗಿಗೆ ಹೆಸರು ಕೊಟ್ಟಾಳ, ಬೂಟು ಒಂದು ನಂಬರ್ ದೊಡ್ಡದು ಸಿಕ್ಕೈತಂತ, ಮುಂದ ಅರಳಿ ತುಂಬಿ ಹಾಕ್ಕೊಂಡು ಪರೇಡಿಗೆ ಹೋಗ್ತಾಳ.